ಅಗಸಿ ಏಳೂ ತಿಂಗಳ

ಹೋಳಿಹುಣ್ಣಿವಿ ದಾಟಿ ಹದಿನೈದು ದಿನಕ್ಕ
ಹಿನ್ನೀರು ಇಳಿಯಾಕ ಹತ್ತತೈತಿ.
ಮೊದಲು ಹುಡೇದ ನೆತ್ತಿ, ಅದರ ಮ್ಯಾಲೊಂದು ಬೆಳ್ಳಕ್ಕಿ,
ಆಮ್ಯಾಲೆ ಕಮಾನಿನ ಹುಬ್ಬು,
ಆಮ್ಯಾಲೆ, ಕೆಸರು ಉಗುಳಿಕೋತ, ಬಾಯಿ.

ಕಲ್ಮರಡಿ ಕ್ವಾಟಿಗೆ ನಾನು ಕಾವಲುಗಾರ, ರಾಜೇಸಾಬ ಪಿಂಜಾರ.
ವರ್ಷದಾಗ ಹತ್ತು ತಿಂಗಳು ನೀರು ಕಾಯತೇನಿ,
ಎರಡು ತಿಂಗಳು ಕಲ್ಲು.
ಪಗಾರ ಎರಡಕ್ಕೂ ಒಂದ.

ಯಾರು ಕಟ್ಟಿಸಿದ್ದು ಅಂತ ಕೇಳತಾರ ಬಾಗಲಕೋಟಿಯಿಂದ ಬಂದ ಹುಡುಗರು,
ಮೊಬೈಲ್ ಎತ್ತಿ ಹಿಡದು.
ದೇಸಾಯರು ಅಂತೇನಿ. ಅವರಿಗಿಂತ ಮೊದಲು ಬಾದಶಾಹಿ ಠಾಣೆ ಇತ್ತಂತ.
ಅದಕ್ಕಿಂತ ಮೊದಲು?
ಘಟಪ್ರಭಾ ಕಡೆ ಕೈ ಮಾಡಿ ಸುಮ್ಮನಾಗತೇನಿ.
ಯುದ್ಧ ಆಗಿತ್ತೇನ್ರಿ? ಆಗಿರಬೇಕು.
ನೀರು ಮುಟ್ಟದ ಪಡುವಣ ಗ್ವಾಡ್ಯಾಗ ಗುಂಡು ಬಡದ ಮೂರು ತಗ್ಗು ಅದಾವ,
ಒಂದರಾಗ ಮಿಂಚುಳ್ಳಿ ಸಂಸಾರ ಹೂಡೇತಿ.

ದತ್ತೂ ಮಾಸ್ತರ ಬಂದಿದ್ರು ಒಮ್ಮೆ,
ವಾಡೇದ ಅಟ್ಟದಾಗ ಸಿಕ್ಕ ಮೋಡಿ ಕಾಗದ ಓದಾಕ.
ಕತ್ತಿ ಬರತಾವ, ಕುದುರಿ ಬರತಾವ ಅಂತ
ನಾ ಚಹಾ ಆರಿಸಿಕೋತ ಕುಂತಿದ್ದೆ.
ಬಂದದ್ದು ಸುಣ್ಣದ ಲೆಕ್ಕ.
ಸುಣ್ಣ ಇಷ್ಟು ಗಾಡಿ, ಬೆಲ್ಲ ಇಷ್ಟು ಮಣ,
ಗಾರಿ ಅರಿಯೂ ಗಾಣಕ್ಕ ಎತ್ತು ಎರಡು,
ತಳದಾಗೊಂದು ಸಾಲು:
“ಗಾರೆಯ ಬೆಲ್ಲ ತಿಂದದ್ದಕ್ಕೆ ಫಕೀರವ್ವಗೆ ದಂಡ, ಅರ್ಧ ದಿನದ ಕೂಲಿ.”

ಮಾಸ್ತರ ಕನ್ನಡಕ ತಗದು ಒರಿಸಿಕೊಂಡ್ರು.
ಕಟ್ಟಿದವರೊಳಗ ಹೆಸರು ಉಳದದ್ದು ಅಕೀದೊಂದ.

ನೀರು ಬರೂ ವರ್ಷ ಊರು ಎದ್ದಿತು.
ಟ್ರ್ಯಾಕ್ಟರಿನ್ಯಾಗ ಬಾಗಿಲು, ತೊಲಿ, ಒಳ್ಳು, ಬುಟ್ಟ್ಯಾಗಿನ ಹುಂಜ.
ಹ್ಯಾಂಗೂ ಮುಳುಗೂದೈತಿ, ಹೊಳಿಗೆ ಯಾಕ ಬಿಡಬೇಕು ಅಂತ
ಕ್ವಾಟಿ ಕಲ್ಲನ್ನೂ ಹೇರಿದ್ವಿ,
ರಾತ್ರಿ, ಲೈಟ್ ಆರಿಸಿ.
ಹೊಸಾ ಪ್ಲಾಟಿಗೆ ಪಾಯಾ ಬೇಕಿತ್ತು.
ನಾ ಆಗಿನ್ನೂ ಕಾವಲುಗಾರ ಆಗಿದ್ದಿಲ್ಲ.

ಸಾಹೇಬ್ರು ಧಾರವಾಡದಿಂದ ಪ್ರತಿವರ್ಷ ಟೇಪು ಹಿಡಕೊಂಡು ಬರತಾರ.
ಬಡಗಣ ಹುಡೇದ ಕಲ್ಲು ಎಲ್ಲಿ ಹೋದ್ವೋ?
ಹೊಳಿ ತೋರಸತೇನಿ.
“ಪ್ರವಾಹದಲ್ಲಿ ನಾಶ” ಅಂತ ಬರಕೋತಾರ.
ಏನಂತ ಹೇಳಲಿ?
ಗಿರಣಿ ಮುಂದಿನ ಕಟ್ಟಿ ಅದಾವ, ಸಂಜೀ ಮುಂದ ಇಸ್ಪೀಟ ಎಲಿ ಬೀಳತಾವ.
ಮಸೂತಿ ಮೆಟ್ಟಲಕ್ಕ ಐದು, ಬಸವಣ್ಣನ ಗುಡಿಗೆ ಆರು
(ಒಂದು ಹೆಚ್ಚಾತಂತ ಮಾತೂ ಆಗಿತ್ತು, ಆಮ್ಯಾಲೆ
ಆ ಒಂದನ್ನ ಸಾಲಿ ನಳದ ಬುಡಕ ಇಟ್ರು).
ಉಳದವು ಯಾವ ಮನಿಯವು ಯಾವು ಅಂತ ಎಮ್ಮಿ ಕಟ್ಟಿದವರನ್ನ ಕೇಳಬೇಕು.
ಒಂದು ನಮ್ಮ ಬಚ್ಚಲದಾಗ.

ಅದರ ಮ್ಯಾಲೊಂದು ಮೀನ ಐತಿ, ಬೆರಳುದ್ದ.
ಯಾವನೋ ಕಲ್ಲುಕುಟಿಗ ತನ್ನ ಗುರುತಿಗಂತ ಹೊಡದದ್ದು,
ದಿನಾ ಮುಳುಗಿದ ಮ್ಯಾಲ ಕಲ್ಲು ಎಣಿಸಿ ಕೂಲಿ ಇಸಗೊಳ್ಳಾಕ.
ಎಷ್ಟು ನೂರು ವರ್ಷ ಒಣಾ ಗ್ವಾಡ್ಯಾಗ ಬಾಯಿ ತಕ್ಕೊಂಡು ನಿಂತಿತ್ತೋ,
ಈಗ ಮೊಮ್ಮಗಳಿಗೆ ನನ್ನಾಕಿ ನೀರು ಹಾಕಿದಾಗ
ಸಬಕಾರದ ನೊರ್‍ಯಾಗ ಈಸತೈತಿ.
ಅದರ ಜೋಡಿ ಅಗಸಿ ಕಮಾನಿನ ಎಡಕ್ಕ, ಅಲ್ಲೇ ಐತಿ.
ನೀರಿದ್ದಾಗ ಖರೇ ಮೀನು ಅದನ್ನ ಮೂಸಿ ಒಳಗ ಹೊಕ್ಕಾವ,
ಹೊರಗ ಬರತಾವ.
ಯಾರು ಅಂತ ಕೇಳವರಿಲ್ಲ.

ನಿನ್ನೆ ಅಗಸಿ ಪೂರಾ ಎದ್ದಿತ್ತು.
ಬಿಸಲಿಗೆ ಕೆಸರು ಬಿರಕೊಂಡು ಚಕ್ಕಿ ಚಕ್ಕಿ ಉದುರತಿತ್ತು.
ಸುತ್ತ ನೋಡಿದೆ. ಬಲಿ ಒಣಹಾಕೂ ಹುಡುಗ ದೂರ ಇದ್ದ.
ಎರಡು ಕಲ್ಲಿನ ಸಂದ್ಯಾಗಿನ ಗಾರಿ ಉಗುರಿಲೆ ಕೆರದು
ನಾಲಗಿ ಮ್ಯಾಲಿಟ್ಟೆ.
ಸುಣ್ಣ. ಉಸುಕು. ಹೊಳಿ ವಾಸನಿ.
ಸಿಹಿ ಇರಲಿಲ್ಲ.
ಇದ್ದದ್ದನ್ನ ಅಕಿ ತಿಂದು ಹೋಗ್ಯಾಳ, ಚಲೋ ಆತು.

ಬಾಯಿ ಮುಕ್ಕಳಿಸಿ, ಗೇಟಿನ ಖೋಲ್ಯಾಗ ಕುಂತು
ಹಾಜರಿ ಪುಸ್ತಕ ತಗದೆ.
ಮುಂಜಾನಿದಕ್ಕ ಸಹಿ ಮಾಡಿದೆ,
ಮಧ್ಯಾಹ್ನದ್ದು ಖಾಲಿ ಬಿಟ್ಟೆ.